ತಿರುವಿನಲ್ಲಿ ಕಾರಿನಿಂದ ಕಟಕಟ ಸದ್ದು: ಎಣ್ಣೆ ಸ್ಪ್ರೇ ಹೊಡೆದರೆ ಸರಿಹೋಗುತ್ತದೆಯೇ?

ಇಂಥದ್ದೊಂದು ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಾರಿನ ಮುಂದಿನ ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿರುತ್ತಾರೆ. ಒಬ್ಬರು ಸ್ಪ್ರೇ ಡಬ್ಬಿಯ ಸಣ್ಣ ಕೊಳವೆಯನ್ನು ಚಕ್ರದ ಹಿಂದಕ್ಕೆ ತೂರಿಸಿ ನಾಲ್ಕು ಸಲ ಪುಸ್ ಪುಸ್ ಎನ್ನಿಸುತ್ತಾರೆ. ಅಲ್ಲಿಯವರೆಗೆ ಕಿರುಗುಟ್ಟುತ್ತಿದ್ದ ಕಾರು ಆಮೇಲೆ ಸದ್ದಿಲ್ಲದೆ ತಿರುಗುತ್ತದೆ. ಕೆಳಗೆ ಬರಹ: ‘ಗ್ಯಾರೇಜಿನವರು ಹೇಳದ ಗುಟ್ಟು, ಸಾವಿರಾರು ರೂಪಾಯಿ ಉಳಿಸಿ, ಎಲ್ಲರಿಗೂ ಕಳಿಸಿ.’ ಇದಕ್ಕೆ ತದ್ವಿರುದ್ಧವಾದ ಫಾರ್ವರ್ಡ್ ಕೂಡ ಓಡಾಡುತ್ತದೆ. ತಿರುಗುವಾಗ ಸದ್ದು ಬಂತೆಂದರೆ ಚಕ್ರ ಯಾವ ಕ್ಷಣದಲ್ಲಾದರೂ ಕಳಚಬಹುದು, ಇಡೀ ಸಸ್ಪೆನ್ಷನ್ ಬದಲಿಸಿಬಿಡಿ ಎನ್ನುತ್ತದೆ ಅದು.

ಎರಡರಲ್ಲೂ ಒಂದು ಚೂರು ನಿಜ ಇದೆ. ತೊಂದರೆ ಇರುವುದೇ ಅಲ್ಲಿ. ಸ್ಪ್ರೇ ಹೊಡೆದರೆ ಕೆಲವು ಸದ್ದು ನಿಜಕ್ಕೂ ನಿಲ್ಲುತ್ತದೆ. ಚಕ್ರ ಮಗುಚಿ ಬೀಳುವ ಮಟ್ಟಕ್ಕೆ ಹೋಗಬಲ್ಲ ಸದ್ದೂ ನಿಜಕ್ಕೂ ಒಂದಿದೆ. ಸ್ಪ್ರೇಯಿಂದ ಸುಲಭವಾಗಿ ಅಡಗುವ ಸದ್ದುಗಳಲ್ಲಿ ಈ ಅಪಾಯದ ಸದ್ದೂ ಸೇರಿದೆ ಎಂಬುದನ್ನು ವಿಡಿಯೋ ಮಾಡಿದವರು ಹೇಳುವುದಿಲ್ಲ. ಇನ್ನು ಉಳಿದ ಬಹುಪಾಲು ಸದ್ದುಗಳಿಗೆ ಇಡೀ ಸಸ್ಪೆನ್ಷನ್ ಬದಲಿಸುವ ಅಗತ್ಯವೇ ಇರುವುದಿಲ್ಲ. ಯಾವುದು ಯಾವುದು ಎಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಒಂದು ಖಾಲಿ ಮೈದಾನ, ಜೊತೆಗೊಬ್ಬರು ಮತ್ತು ಹದಿನೈದು ನಿಮಿಷ ಸಾಕು.

ಗ್ರೀಸ್ ಸಲಹೆ ಅಂಬಾಸಿಡರ್ ಕಾಲದ್ದು

ಸದ್ದು ಬಂದರೆ ಎಣ್ಣೆ ಬಿಡು, ಗ್ರೀಸ್ ಹೊಡೆಸು ಎನ್ನುವುದು ಮೂರ್ಖರ ಸಲಹೆಯೇನಲ್ಲ. ಮನೆಯ ಹಿರಿಯರು ಇದನ್ನು ಅನುಭವದಿಂದಲೇ ಹೇಳುತ್ತಾರೆ. 2014ರವರೆಗೂ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಮುಂದಿನ ಸಸ್ಪೆನ್ಷನ್ ಕೀಲುಗಳಿಗೆ ಗ್ರೀಸ್ ನಿಪ್ಪಲ್‌ಗಳಿದ್ದವು. ಸರ್ವಿಸ್‌ಗೆ ಬಿಟ್ಟಾಗ ಹುಡುಗ ಗ್ರೀಸ್ ಗನ್ ಹಿಡಿದು ಕೆಳಗೆ ನುಗ್ಗಿ ಒಂದೊಂದೇ ನಿಪ್ಪಲ್‌ಗೆ ಗ್ರೀಸ್ ತುಂಬುತ್ತಿದ್ದ. ಹಳೆಯ ಗ್ರೀಸ್ ಕೊಳೆಯ ಸಮೇತ ಹೊರಬರುತ್ತಿತ್ತು, ಹೊಸದು ಒಳಸೇರುತ್ತಿತ್ತು, ಕಾರು ಮತ್ತೆ ಮೆತ್ತಗಾಗುತ್ತಿತ್ತು.

1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಈ ಲೆಕ್ಕವನ್ನೇ ಬದಲಿಸಿತು. ಎಂಜಿನ್‌ನ ಶಕ್ತಿ ಮುಂದಿನ ಚಕ್ರಗಳಿಗೇ ಹೋಗುವ ಕಾರು ಅದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸಸ್ಪೆನ್ಷನ್ ಇತ್ತು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ವಿನ್ಯಾಸ ಇದು. ಇವತ್ತು ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಇವುಗಳ ಕೀಲುಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ರಬ್ಬರ್ ಕವರ್ ಹಾಕಿ ಮುಚ್ಚಿರುತ್ತಾರೆ. ಮತ್ತೆ ತುಂಬಲು ನಿಪ್ಪಲ್ ಇರುವುದಿಲ್ಲ. ಆದ್ದರಿಂದ ಹೊರಗಿನಿಂದ ಹೊಡೆದ ಸ್ಪ್ರೇ, ಕವರ್ ಗಟ್ಟಿಯಾಗಿದ್ದರೆ ಒಳಗೆ ಹೋಗುವುದೇ ಇಲ್ಲ. ಒಳಗೆ ಹೋಯಿತು ಎಂದರೆ ಕವರ್ ಹರಿದಿದೆ ಎಂದರ್ಥ. ಕವರ್ ಹರಿದ ಮೇಲೆ ಎಣ್ಣೆಗಿಂತ ಮೊದಲು ಮಣ್ಣು, ನೀರು ಅಲ್ಲಿಗೆ ತಲುಪಿರುತ್ತವೆ.

ತಿರುಗಿಸಿದಾಗ ಕೆಳಗೆ ಏನಾಗುತ್ತದೆ?

ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ. ಈ ಕಂಬದ ಕೆಳತುದಿಗೆ ಚಕ್ರದ ಭಾಗ ಕಚ್ಚಿಕೊಂಡಿರುತ್ತದೆ, ಮೇಲ್ತುದಿ ಬಾನೆಟ್ ಕೆಳಗಿನ ಬಾಡಿಗೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ಆ ಕಂಬವೂ ತಿರುಗುತ್ತದೆ. ಬಾಗಿಲು ತಿರುಗಲು ಮೇಲೊಂದು ಕೆಳಗೊಂದು ತಿರುಗಣಿ ಬೇಕಲ್ಲ, ಹಾಗೆಯೇ ಇಲ್ಲೂ ಎರಡಿವೆ. ಮೇಲಿನದು ಸ್ಟ್ರಟ್ ಮೌಂಟ್‌ನ ಬೇರಿಂಗ್. ಕೆಳಗಿನದು ಬಾಲ್ ಜಾಯಿಂಟ್. ನಮ್ಮ ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಕೂತಿರುವಂತೆ ಒಂದು ಉಕ್ಕಿನ ಗುಂಡು ಬಟ್ಟಲಿನಲ್ಲಿ ಕೂತಿರುತ್ತದೆ. ಬಾಲ್ ಜಾಯಿಂಟ್ ಇರುವುದು ಲೋಯರ್ ಆರ್ಮ್ ಎಂಬ ತೋಳಿನ ತುದಿಯಲ್ಲಿ. ಆ ತೋಳಿನ ಇನ್ನೊಂದು ತುದಿ ರಬ್ಬರ್ ಬುಷ್‌ಗಳ ಮೂಲಕ ಕಾರಿಗೆ ಸೇರಿದೆ. ಚಕ್ರವನ್ನು ಎಡಕ್ಕೆ ಬಲಕ್ಕೆ ತಳ್ಳುವುದು ಟೈ ರಾಡ್. ಎಂಜಿನ್‌ನಿಂದ ಚಕ್ರಕ್ಕೆ ಶಕ್ತಿ ತರುವುದು ಡ್ರೈವ್ ಶಾಫ್ಟ್, ಮೆಕ್ಯಾನಿಕ್‌ಗಳ ಬಾಯಲ್ಲಿ ಆಕ್ಸಲ್. ಚಕ್ರ ಓರೆಯಾದರೂ ಶಕ್ತಿ ಸಾಗಬೇಕಾದ್ದರಿಂದ ಅದರ ತುದಿಯಲ್ಲಿ ಸಿವಿ ಜಾಯಿಂಟ್ ಇರುತ್ತದೆ. ಕೊನೆಯದಾಗಿ, ತಿರುವಿನಲ್ಲಿ ಕಾರು ಒಂದು ಬದಿಗೆ ತೀರಾ ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್, ಅದರ ತುದಿಗಳಲ್ಲಿ ಗೇಣುದ್ದದ ಎರಡು ಲಿಂಕ್‌ಗಳು.

ನೇರ ಹೋಗುವಾಗ ಇವುಗಳಲ್ಲಿ ಅರ್ಧಕ್ಕರ್ಧ ಸುಮ್ಮನಿರುತ್ತವೆ. ತಿರುಗಿದಾಗ ಎಲ್ಲವೂ ಒಟ್ಟಿಗೆ ಕೆಲಸಕ್ಕೆ ಇಳಿಯುತ್ತವೆ. ಅದಕ್ಕೇ ಸವೆದ ಭಾಗ ಮೊದಲು ಮಾತಾಡುವುದು ತಿರುವಿನಲ್ಲಿ.

ಮೊದಲ ಪ್ರಶ್ನೆ: ಕಾರು ನಿಂತಿದ್ದಾಗಲೂ ಸದ್ದು ಬರುತ್ತದೆಯೇ?

ಎಂತಹ ಸದ್ದು ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ಎಂಜಿನ್ ಆನ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಕಾರು ಅಲ್ಲಾಡದಂತೆ ನಿಲ್ಲಿಸಿ ಸ್ಟೇರಿಂಗನ್ನು ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಆಗಲೂ ಸದ್ದು ಬಂದರೆ ಸಿವಿ ಜಾಯಿಂಟ್, ಚಕ್ರದ ಬೇರಿಂಗ್ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಬಹುದು. ಚಕ್ರ ಉರುಳದೆ ಅವು ಸದ್ದು ಮಾಡುವುದಿಲ್ಲ. ಉಳಿಯುವುದು ಮೇಲಿನ ತಿರುಗಣಿ, ಕೆಳಗಿನ ತಿರುಗಣಿ, ಟೈ ರಾಡ್, ಇಲ್ಲವೇ ಡ್ಯಾಶ್‌ಬೋರ್ಡ್ ಒಳಗಿನ ಸ್ಟೇರಿಂಗ್ ಶಾಫ್ಟ್.

ಈಗ ಜೊತೆಯಲ್ಲಿರುವವರು ತಿರುಗಿಸಲಿ, ನೀವು ಬಾನೆಟ್ ತೆರೆಯಿರಿ. ಬಹಳಷ್ಟು ಕಾರುಗಳಲ್ಲಿ ಎರಡೂ ಬದಿಯಲ್ಲಿ ಸ್ಟ್ರಟ್‌ನ ಮೇಲ್ತುದಿ ಕಾಣುತ್ತದೆ. ಓಡುತ್ತಿರುವ ಬೆಲ್ಟ್, ಫ್ಯಾನ್‌ಗಳಿಂದ ಕೈ ದೂರವಿಟ್ಟು ಆ ಮೇಲ್ತುದಿಯ ಮೇಲೆ ಅಂಗೈ ಇಡಿ. ಬೇರಿಂಗ್ ಬಿಗಿಯಾಗಿದ್ದರೆ ಸ್ಪ್ರಿಂಗ್ ಸರಾಗವಾಗಿ ತಿರುಗುವುದಿಲ್ಲ. ಸ್ವಲ್ಪ ದೂರ ಹಿಡಿದುಕೊಂಡು, ಒತ್ತಡ ತಾಳಲಾರದೆ ಒಮ್ಮೆಲೇ ಬಿಟ್ಟುಕೊಡುತ್ತದೆ. ಆಗಿನ ‘ಟೊಂಯ್’ ಅಥವಾ ‘ದಬ್’ ಅಂಗೈಗೇ ತಾಗುತ್ತದೆ. ಸ್ಟೇರಿಂಗ್ ತಾನಾಗಿ ಮಧ್ಯಕ್ಕೆ ಮರಳಲು ಹಟ ಮಾಡುವುದೂ ಇದರ ಇನ್ನೊಂದು ಗುರುತು. ಇದೇ ‘ಟೊಂಯ್’ ಸದ್ದಿನ ಜೊತೆ ಕಾರು ಒಂದು ಬದಿಗೆ ತುಸು ತಗ್ಗಿದಂತೆ ಕಂಡರೆ ಸ್ಪ್ರಿಂಗ್ ನೋಡಿ. ಕೆಳಗಿನ ಸುತ್ತಿನ ತುದಿ ಮುರಿದಿರಬಹುದು. ಅದರ ಚೂಪು ತುದಿ ಟೈರಿಗೆ ತಾಗುವ ಅಪಾಯ ಇರುವುದರಿಂದ ಆಮೇಲೆ ನೋಡೋಣ ಎನ್ನುವ ಹಾಗಿಲ್ಲ. ಯಾವ ಕಾರಣಕ್ಕೂ ಸ್ಪ್ರಿಂಗ್ ಸುತ್ತುಗಳ ನಡುವೆ ಬೆರಳು ಹಾಕಬೇಡಿ.

ಮೇಲೆ ಏನೂ ತಿಳಿಯದೆ, ಚಕ್ರದ ಬುಡದಿಂದ ಹಳೆಯ ಮನೆಯ ಬಾಗಿಲಿನಂತೆ ‘ಕಿರ್ರ್’ ಎಂದು ಬಂದರೆ ಅನುಮಾನ ಬಾಲ್ ಜಾಯಿಂಟ್ ಮೇಲೆ. ನಾವು ಮೊದಲು ಹೇಳಿದ ಅಪಾಯದ ಸದ್ದು ಇದೇ. ಹರಿದ ಕವರ್‌ನಿಂದ ನೀರು ನುಗ್ಗಿ, ಗ್ರೀಸ್ ತೊಳೆದುಹೋಗಿ, ಗುಂಡು ಮತ್ತು ಬಟ್ಟಲು ಒಣ ಒಣ ಉಜ್ಜುತ್ತವೆ. ಮೊದಲು ಕಿರ್ರ್, ಸವೆದ ಮೇಲೆ ಗುಂಡಿಗೆ ಬಿದ್ದಾಗ ‘ಕಟ್’. ಬ್ರೇಕ್ ಹಾಕಿದಾಗಿನ ಮತ್ತು ತಿರುಗುವಾಗಿನ ಎಳೆತವನ್ನೆಲ್ಲ ತಡೆದು ಚಕ್ರದ ಕೆಳಭಾಗವನ್ನು ಅದರ ಜಾಗದಲ್ಲಿ ಹಿಡಿದಿರುವುದು ಈ ಗುಂಡು. ಅದು ಬಟ್ಟಲಿನಿಂದ ಹೊರಬಂದರೆ ಚಕ್ರದ ಕೆಳಭಾಗಕ್ಕೆ ಹಿಡಿತವೇ ಇಲ್ಲ. ಚಕ್ರ ಓರೆಯಾಗಿ ಮಗುಚಿಕೊಳ್ಳುತ್ತದೆ, ಸ್ಟೇರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ನಾಲ್ಕು ಹನಿ ಎಣ್ಣೆ ಬಿದ್ದರೆ ಕಿರ್ರ್ ಸದ್ದು ಕೆಲವು ದಿನ ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ಕಾರು ಕೊಡುತ್ತಿದ್ದ ಎಚ್ಚರಿಕೆ ಮಾತ್ರ ನಿಮಗೆ ಕೇಳಿಸುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳುವ ಪರೀಕ್ಷೆ ಗ್ಯಾರೇಜಿನಲ್ಲೇ ಆಗಲಿ, ಆದರೆ ನಿಮ್ಮೆದುರಿಗೆ ಆಗಲಿ. ಚಕ್ರ ನೆಲ ಬಿಟ್ಟು ಮೇಲೆದ್ದಾಗ ಅದರ ನೆತ್ತಿ ಮತ್ತು ಬುಡ ಹಿಡಿದು ಅಲ್ಲಾಡಿಸುತ್ತಾರೆ. ಲೊಡಲೊಡ ಎಂದರೆ ಎಲ್ಲೋ ಸಡಿಲ ಇದೆ. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆ ಲೊಡಲೊಡ ಮಾಯವಾದರೆ ಚಕ್ರದ ಬೇರಿಂಗ್ ಸಡಿಲ. ಬ್ರೇಕ್ ಒತ್ತಿದರೂ ಉಳಿದರೆ ಬಾಲ್ ಜಾಯಿಂಟ್. ಎಡ ಬಲ ಅಂಚು ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಕಡೆ ನೋಡಬೇಕು. ಮನೆಯಲ್ಲೇ ಮಾಡುತ್ತೇವೆ ಎನ್ನುವವರಿಗೆ ಒಂದೇ ಮಾತು: ಡಿಕ್ಕಿಯಲ್ಲಿರುವ ಜಾಕ್ ಟೈರ್ ಬದಲಿಸಲು ಇರುವುದು, ಅದನ್ನು ನಂಬಿ ಕಾರಿನ ಅಡಿಗೆ ತೂರಬೇಡಿ.

ಕಾರು ಚಲಿಸಿದಾಗ ಮಾತ್ರ ಬರುವ ಸದ್ದು

ಮೈದಾನದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ನಿಧಾನವಾಗಿ ಆಕ್ಸಲರೇಟರ್ ಒತ್ತುತ್ತ ಒಂದು ಸುತ್ತು ಹಾಕಿ. ಗೋಡಂಬಿ ಒಡೆದಂತೆ ಲಯಬದ್ಧವಾಗಿ ‘ಕಟ ಕಟ ಕಟ’ ಎಂದು ಬಂದು, ವೇಗ ಹೆಚ್ಚಿದಂತೆ ಕಟಕಟವೂ ಚುರುಕಾದರೆ ಅದು ಹೊರಗಿನ ಸಿವಿ ಜಾಯಿಂಟ್. ನೇರಕ್ಕೆ ಬಂದ ಕೂಡಲೇ ನಿಲ್ಲುತ್ತದೆ. ಒಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ತೋಡುಗಳಲ್ಲಿ ಓಡಾಡುತ್ತಿರುತ್ತವೆ. ಚಕ್ರ ಹೆಚ್ಚು ತಿರುಗಿದಷ್ಟೂ ಅವು ತೋಡಿನಲ್ಲಿ ಹೆಚ್ಚು ದೂರ ಹಿಂದೆ ಮುಂದೆ ಸರಿಯಬೇಕು. ತೋಡು ಸವೆದು ಕುಳಿಬಿದ್ದಿದ್ದರೆ ಪ್ರತಿ ಗುಂಡೂ ಕುಳಿಗೆ ಬಿದ್ದು ಏಳುತ್ತದೆ.

ಎಡಕ್ಕೆ ತಿರುಗಿದಾಗ ಸದ್ದು ಬಂದರೆ ಬಲಗಡೆಯದ್ದು ಕೆಟ್ಟಿದೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಹಲವು ಸಲ ಅದು ಸರಿಯಾಗಿಯೂ ಇರುತ್ತದೆ, ಆದರೆ ಅದನ್ನೇ ನಂಬಿ ದುಡ್ಡು ಕೊಡಬೇಡಿ. ನಂಬಬೇಕಾದ್ದು ಕಣ್ಣನ್ನು. ಚಕ್ರವನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಾಕಿ ಹಿಂದೆ ಇಣುಕಿ. ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಬೂಟ್ ಕಾಣುತ್ತದೆ. ಅದು ಸೀಳಿದ್ದರೆ ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಸುತ್ತಲೂ ಎರಚಿಕೊಂಡಿರುತ್ತದೆ. ಮಲೆನಾಡಿನ ಮಣ್ಣುರಸ್ತೆಯಲ್ಲಿ ಓಡುವ ಕಾರುಗಳವರು ಮಳೆಗಾಲಕ್ಕೆ ಮುಂಚೆ ಒಮ್ಮೆ ಇಣುಕಿ ನೋಡುವುದು ಲಾಭದ ಕೆಲಸ. ಏಕೆಂದರೆ ಬೂಟ್ ಹರಿದಿದ್ದು ಸದ್ದು ಇನ್ನೂ ಶುರುವಾಗಿಲ್ಲ ಎಂದರೆ ಜಾಯಿಂಟ್ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ಬೂಟ್ ಹಾಕಿ ಉಳಿಸಿಕೊಳ್ಳಬಹುದು. ಕಟಕಟ ಶುರುವಾದ ಮೇಲೆ ಕುಳಿಬಿದ್ದ ಉಕ್ಕು ಯಾವ ಗ್ರೀಸಿಗೂ ಸರಿಹೋಗುವುದಿಲ್ಲ, ಜಾಯಿಂಟ್ ಬದಲಿಸಬೇಕು. ಚಕ್ರ ಕಳಚುತ್ತದೆ ಎಂಬ ಫಾರ್ವರ್ಡ್ ಮಾತ್ರ ಈ ಸದ್ದಿಗೆ ಹೊಂದುವುದಿಲ್ಲ. ಸಿವಿ ಜಾಯಿಂಟ್ ಪೂರ್ತಿ ಮುರಿದರೆ ಸಾಮಾನ್ಯವಾಗಿ ಎಂಜಿನ್ ಓಡುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಘಾಟಿ ರಸ್ತೆಯ ನಡುವೆ ಅದೇನು ಕಡಿಮೆ ಫಜೀತಿಯಲ್ಲ.

ಹೆದ್ದಾರಿಯಲ್ಲಿ ‘ಗುಂಯ್’ ಎಂಬ ಒಂದೇ ಸಮನೆಯ ಸದ್ದು ವೇಗದ ಜೊತೆ ಏರುತ್ತಿದ್ದರೆ ಅದು ಬೇರಿಂಗ್ ಅಥವಾ ಟೈರ್. ಉದ್ದನೆಯ ತಿರುವಿನಲ್ಲಿ ಗಮನಿಸಿ. ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾಗಿ, ಬಲಕ್ಕೆ ತಿರುಗಿದಾಗ ತಗ್ಗಿದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಯಾವ ಕಡೆ ತಿರುಗಿದರೂ ವ್ಯತ್ಯಾಸವಿಲ್ಲದಿದ್ದರೆ ಮೊದಲು ಟೈರ್ ಮೇಲೆ ಕೈಯಾಡಿಸಿ, ಏರುಪೇರಾಗಿ ಸವೆದಿರಬಹುದು.

ಇನ್ನು ಹಂಪ್ ಪರೀಕ್ಷೆ. ಗೇಟಿನಿಂದ ತಿರುಗಿಸಿಕೊಂಡು ರಸ್ತೆಗೆ ಇಳಿಯುವಾಗ ‘ಲೊಡಕ್’ ಎನ್ನುತ್ತದೆ ಎಂಬ ದೂರು ಬಹಳ ಸಾಮಾನ್ಯ. ಒಂದು ಹಂಪನ್ನು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರುವಂತೆ ನಿಧಾನವಾಗಿ ದಾಟಿ. ಆಮೇಲೆ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿ. ಎರಡೂ ಚಕ್ರ ಒಟ್ಟಿಗೆ ಏರಿದರೆ ಸ್ಟೆಬಿಲೈಜರ್ ಬಾರ್‌ಗೆ ತಿರುಚುವ ಕೆಲಸವಿಲ್ಲ. ಒಂದೇ ಚಕ್ರ ಏರಿದಾಗ ಬಾರ್ ತಿರುಚಿಕೊಳ್ಳುತ್ತದೆ, ಲಿಂಕ್ ಎಳೆತಕ್ಕೆ ಸಿಗುತ್ತದೆ. ನೇರ ದಾಟಿದಾಗ ಮೌನ, ಓರೆಯಾಗಿ ದಾಟಿದಾಗ ಲೊಡಕ್ ಎಂದರೆ ಮೊದಲು ನೋಡಬೇಕಾದ್ದು ಆ ಗೇಣುದ್ದದ ಲಿಂಕ್. ಸಣ್ಣ ಕಾರುಗಳಲ್ಲಿ ಅದರ ಬೆಲೆ ಸಾಮಾನ್ಯವಾಗಿ ನೂರರ ಲೆಕ್ಕದಲ್ಲಿರುತ್ತದೆ. ‘ಸಸ್ಪೆನ್ಷನ್ ಹೋಗಿದೆ’ ಎಂದು ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿ, ಹೊರಬಂದ ಮೇಲೂ ಲೊಡಕ್ ಕೇಳಿಸಿಕೊಂಡವರು ಕಡಿಮೆಯೇನಿಲ್ಲ.

ಹೆದರಬೇಕಿಲ್ಲದ ಸದ್ದುಗಳೂ ಇವೆ. ಅಪಾರ್ಟ್‌ಮೆಂಟ್ ಅಥವಾ ಮಾಲ್‌ನ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ಟೈರ್ ‘ಕೀಂವ್’ ಎನ್ನುವುದು ನುಣುಪು ಬಣ್ಣದ ನೆಲದ ಮಹಿಮೆ, ಕಾರಿನ ದೋಷವಲ್ಲ. ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಇರುವ ಕಾರು ಸ್ಟೇರಿಂಗ್ ಕೊನೆಗೆ ಮುಟ್ಟಿದಾಗ ನರಳುವುದೂ ಸಹಜ, ಆ ಸ್ಥಿತಿಯಲ್ಲಿ ಒತ್ತಿ ಹಿಡಿಯದಿದ್ದರಾಯಿತು. ಅಗಲದ ಟೈರ್ ಹಾಕಿಸಿದ ಮೇಲೆ ಪೂರ್ತಿ ತಿರುಗಿಸಿದಾಗ ಮಾತ್ರ ‘ಸರಕ್’ ಎಂದರೆ ಟೈರ್ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತಿದೆ. ತಿರುವಿನಲ್ಲೆಲ್ಲ ಹಿಂದಿನಿಂದ ‘ಧಡ್’ ಎನ್ನುತ್ತಿದ್ದರೆ, ದಯವಿಟ್ಟು ಮೊದಲು ಡಿಕ್ಕಿ ತೆರೆದು ಜಾಕ್, ಸ್ಟೆಪ್ನಿ ಗಟ್ಟಿಯಾಗಿ ಕೂತಿವೆಯೇ ನೋಡಿ. ಊರಿಂದ ತಂದ ತೆಂಗಿನಕಾಯಿ ಮೂಲೆಯಲ್ಲಿ ಉಳಿದಿರುವುದೂ ಉಂಟು. ಎಲೆಕ್ಟ್ರಿಕ್ ಕಾರಿಗೆ ಬದಲಾದವರಿಗೆ ಈ ಎಲ್ಲ ಸದ್ದೂ ಹೊಸದಾಗಿ ಕೇಳಿಸತೊಡಗುತ್ತದೆ. ಅಲ್ಲಿ ಎಂಜಿನ್ ಗದ್ದಲದ ಮುಸುಕು ಇಲ್ಲ, ಅಷ್ಟೇ.

ಹಾಗಾದರೆ ಸ್ಪ್ರೇ ಯಾವುದಕ್ಕೂ ಬೇಡವೇ?

ರಬ್ಬರ್ ಬುಷ್ ಒಣಗಿ ‘ಕೀಚ್ ಕೀಚ್’ ಎನ್ನುವುದು ನಿಜವಾದ ಸಮಸ್ಯೆ, ಅಪಾಯದ್ದೇನಲ್ಲ. ಪತ್ತೆಗೆ ಎಣ್ಣೆ ಬೇಡ, ನೀರು ಸಾಕು. ಬುಷ್ ಮೇಲೆ ಬಾಟಲಿಯಿಂದ ನೀರು ಸುರಿದು ಕಾರನ್ನು ಮೇಲೆ ಕೆಳಗೆ ಒತ್ತಿ ನೋಡಿ. ಕೀಚ್ ನಿಂತು, ಒಣಗಿದ ಮೇಲೆ ಮತ್ತೆ ಬಂದರೆ ಬುಷ್ ಸಿಕ್ಕಿಬಿದ್ದಂತೆ. ಅದಕ್ಕೆ ರಬ್ಬರ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ಇದೆ. ವಿಡಿಯೋದಲ್ಲಿ ಹೊಡೆಯುವಂಥ ತುಕ್ಕು ಬಿಡಿಸುವ ಸ್ಪ್ರೇ, ಹಳೆಯ ಎಂಜಿನ್ ಆಯಿಲ್, ಡೀಸೆಲ್ ಇವೆಲ್ಲ ಪೆಟ್ರೋಲಿಯಂ ಮೂಲದವು. ಬುಷ್‌ಗಳಲ್ಲಿ ಹೆಚ್ಚಾಗಿ ಬಳಸುವ ನೈಸರ್ಗಿಕ ರಬ್ಬರ್ ಪೆಟ್ರೋಲಿಯಂ ಎಣ್ಣೆ ಹೀರಿಕೊಂಡು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಬೇಗ ಹರಿಯುತ್ತದೆ. ಗ್ರೀಸ್ ತುಂಬಿರುವ ಸಿವಿ ಬೂಟ್‌ಗೆ ಏನೂ ಆಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಅದನ್ನು ಎಣ್ಣೆ ತಾಳುವ ಬೇರೆ ರಬ್ಬರ್ ಅಥವಾ ಪ್ಲಾಸ್ಟಿಕ್‌ನಿಂದ ಮಾಡಿರುತ್ತಾರೆ. ಇನ್ನೊಂದು ಎಚ್ಚರ: ಚಕ್ರದ ಹಿಂದೆ ಕುರುಡಾಗಿ ಹೊಡೆದ ಸ್ಪ್ರೇ ಬ್ರೇಕ್ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದೇ ಕಷ್ಟವಾದೀತು.

ಒಟ್ಟಿನಲ್ಲಿ ಈ ಫಾರ್ವರ್ಡ್ ಅರ್ಧಸತ್ಯ. ಈಗಾಗಲೇ ಸ್ಪ್ರೇ ಹೊಡೆದು ಸದ್ದು ನಿಂತಿದ್ದರೆ, ಗ್ಯಾರೇಜಿಗೆ ಹೋದಾಗ ಆ ವಿಷಯ ಮುಚ್ಚಿಡಬೇಡಿ.

ಗ್ಯಾರೇಜಿನಲ್ಲಿ ಏನು ಹೇಳಬೇಕು?

‘ಏನೋ ಸೌಂಡ್ ಬರ್ತಿದೆ’ ಎಂದರೆ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಓದಿದ್ದು ಉಪಯೋಗಕ್ಕೆ ಬರುವುದು ಇಲ್ಲಿ. ಕಟಕಟ, ಕಿರ್ರ್, ಲೊಡಕ್, ಗುಂಯ್, ಟೊಂಯ್ ಒಂದೊಂದೂ ಒಂದೊಂದು ಭಾಗದ ಹೆಸರು ಹೇಳುತ್ತದೆ. ಅದರ ಜೊತೆ ನಿಂತಾಗಲೋ ಓಡುವಾಗಲೋ, ಎಡಕ್ಕೋ ಬಲಕ್ಕೋ, ಬೆಳಗ್ಗೆ ಮಾತ್ರವೋ ಎಂದು ಹೇಳಿ. ಕಾರಿನ ಬಾಡಿ ತಗಡಿನ ಡಬ್ಬಿ ಇದ್ದಂತೆ, ಎಡಗಡೆಯ ಸದ್ದು ಬಲಗಡೆಯಿಂದ ಬಂದಂತೆ ಕೇಳಿಸುತ್ತದೆ. ಹಾಗಾಗಿ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಬರಲು ಒಪ್ಪದೆ ನಿಂತಲ್ಲೇ ‘ಎಲ್ಲಾ ಚೇಂಜ್ ಮಾಡ್ಬೇಕು ಸಾರ್’ ಎನ್ನುವವರಾದರೆ ಇನ್ನೊಬ್ಬರನ್ನು ಕೇಳಿ.

ಹಲವು ಸಣ್ಣ ಕಾರುಗಳಲ್ಲಿ ಬಾಲ್ ಜಾಯಿಂಟ್ ಲೋಯರ್ ಆರ್ಮ್ ಜೊತೆಗೇ ಬರುತ್ತದೆ, ಆಗ ಪೂರ್ತಿ ಆರ್ಮ್ ಬದಲಿಸುವುದರಲ್ಲಿ ಮೋಸವಿಲ್ಲ. ಆರ್ಮ್, ಟೈ ರಾಡ್, ಸ್ಟ್ರಟ್ ಬಿಚ್ಚಿದರೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಲಿಂಕ್ ಮಾತ್ರ ಬದಲಿಸಿದ್ದರೆ ಬೇಕಿಲ್ಲ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬಾಲ್ ಜಾಯಿಂಟ್ ಆಗಿದ್ದರೆ ಅದರ ಕಡ್ಡಿಯನ್ನು ಬೆರಳಿನಿಂದ ಅಲ್ಲಾಡಿಸಿ. ಚೆನ್ನಾಗಿರುವ ಜಾಯಿಂಟ್ ಬಿಗಿಯಾಗಿ, ಜೋರು ಹಾಕಿದರಷ್ಟೇ ತಿರುಗುತ್ತದೆ. ಸವೆದದ್ದು ಹಾಲುಹಲ್ಲಿನಂತೆ ಅತ್ತಿಂದಿತ್ತ ತೂಗಾಡುತ್ತದೆ. ಕವರ್‌ನ ಸೀಳಿನೊಳಗೆ ಗ್ರೀಸ್ ಬದಲು ಕೆಂಪು ತುಕ್ಕಿನ ನೀರು ಕಾಣುತ್ತದೆ.